ಕಿವಿಗೆ ಸೂಜಿ, ಹೆಗಲಿಗೆ ಮೀಟರ್: ಗ್ರಾಫ್ ಅಲ್ಲಾಡಿತು ನಿಜ, ಅಲ್ಲಾಡಿಸಿದ್ದು ಯಾರು?

ಹೆಗಲ ಮೇಲೆ ಎರಡು ಪುಟ್ಟ ಬಿಲ್ಲೆಗಳು ಅಂಟಿಕೊಂಡಿವೆ. ಒಂದೊಂದೂ ಕೋಟಿನ ಗುಂಡಿಯಷ್ಟು ದೊಡ್ಡದು. ಅವುಗಳಿಂದ ಹೊರಟ ತಂತಿ ಒಂದು ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಲ್ಯಾಪ್‌ಟಾಪಿಗೆ. ಪರದೆಯ ಮೇಲೆ ಒಂದು ಗೆರೆ ಓಡುತ್ತಿದೆ, ಒತ್ತೊತ್ತಾಗಿ ಬೆಳೆದ ಹುಲ್ಲಿನ ಹಾಗೆ. ಕಿವಿಯ ಮೇಲ್ಭಾಗಕ್ಕೆ ಒಂದು ಸಣ್ಣ ಸೂಜಿ ಚುಚ್ಚುತ್ತಾರೆ. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಹುಲ್ಲು ಗಿಡ್ಡವಾಗಿದೆ. "ನೋಡಿ, ಸ್ನಾಯು ಸಡಿಲ ಆಯ್ತು!"

ಇಂಥ 'ಮೊದಲು' ಮತ್ತು 'ನಂತರ' ಗ್ರಾಫುಗಳು ಈಗ ವಿಡಿಯೊಗಳಲ್ಲಿ, ತರಬೇತಿ ಶಿಬಿರಗಳ ಸ್ಲೈಡುಗಳಲ್ಲಿ, ಕೆಲವೊಮ್ಮೆ ಸಂಶೋಧನಾ ಪ್ರಬಂಧಗಳಲ್ಲೂ ಕಾಣಿಸುತ್ತಿವೆ. ಇದಕ್ಕೆ ಕಾರಣ ಎರಡು. ಸ್ನಾಯುವಿನ ವಿದ್ಯುತ್ತು ಅಳೆಯುವ ಯಂತ್ರ ಮೊದಲು ಮೇಜು ತುಂಬುತ್ತಿತ್ತು, ಈಗ ಬೆಂಕಿಪೊಟ್ಟಣದಷ್ಟಾಗಿದೆ, ಕೆಲವಕ್ಕೆ ತಂತಿಯೂ ಬೇಕಿಲ್ಲ. ಇನ್ನೊಂದು ಕಡೆ ಕಿವಿಯ ಅಕ್ಯುಪಂಕ್ಚರ್, ಅಂದರೆ ಕಿವಿಯ ಗೊತ್ತಾದ ಬಿಂದುಗಳಿಗೆ ಸೂಜಿ ಚುಚ್ಚುವ ಚಿಕಿತ್ಸೆ, ಬೇಗ ಹರಡಿದೆ. ಬಟ್ಟೆ ಬಿಚ್ಚಬೇಕಿಲ್ಲ, ಮಲಗಬೇಕಿಲ್ಲ, ಕುರ್ಚಿಯಲ್ಲಿ ಕೂತರೆ ಸಾಕು. ನ್ಯೂಯಾರ್ಕಿನ ಲಿಂಕನ್ ಆಸ್ಪತ್ರೆಯಲ್ಲಿ 1970ರ ದಶಕದಲ್ಲಿ ಮಾದಕವಸ್ತು ಬಿಡಿಸುವ ಚಿಕಿತ್ಸೆಯ ಜೊತೆಗೆ ಇದನ್ನು ಬಳಸತೊಡಗಿದರು. ಅಲ್ಲಿಂದಲೇ ಕಿವಿಯ ಐದು ಬಿಂದುಗಳ ಪದ್ಧತಿ ಬೆಳೆಯಿತು. 2001ರಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ರಿಚರ್ಡ್ ನೀಮ್ಟ್‌ಜೋ ನೋವಿಗೆಂದು ಇನ್ನೊಂದು ಐದು ಬಿಂದುಗಳ ಪದ್ಧತಿ ತಂದರು. ಅದರ ಹೆಸರೇ 'ಯುದ್ಧಭೂಮಿ ಅಕ್ಯುಪಂಕ್ಚರ್'.

ಸೂಜಿ ಸುಲಭ, ಮೀಟರ್ ಸುಲಭ. ಎರಡನ್ನೂ ಸೇರಿಸಿದರೆ ಪುರಾವೆಯೂ ಸುಲಭವಾಗಿ ಸಿಗುತ್ತದೆ ಅನ್ನಿಸುತ್ತದೆ, ಅಲ್ವಾ? ಅಲ್ಲೇ ಎಡವಟ್ಟು ಆಗುವುದು. ಗೆರೆ ಅಲ್ಲಾಡಿದ್ದನ್ನು ಯಂತ್ರ ಪ್ರಾಮಾಣಿಕವಾಗಿ ಹೇಳುತ್ತದೆ. ಅಲ್ಲಾಡಿಸಿದ್ದು ಯಾರು ಅಂತ ಅದಕ್ಕೆ ಗೊತ್ತಿಲ್ಲ.

ಗೋಡೆಗೆ ಕಿವಿ ಇಟ್ಟ ಹಾಗೆ

ಕೆಳದವಡೆಯ ಹಿಂದಿನ ಮೂಲೆಯ ಮೇಲೆ, ಕೆನ್ನೆಗೆ ಬೆರಳಿಟ್ಟು ಒಮ್ಮೆ ಹಲ್ಲು ಕಚ್ಚಿ. ಬೆರಳಿನ ಕೆಳಗೆ ಏನೋ ಗಟ್ಟಿಯಾಗಿ ಉಬ್ಬುತ್ತದೆ. ಅದು ಮ್ಯಾಸೆಟರ್, ಅಗಿಯುವ ಸ್ನಾಯು. ಅದು ಉಬ್ಬುವ ಮೊದಲೇ ಅದರೊಳಗೆ ವಿದ್ಯುತ್ತು ಓಡಿರುತ್ತದೆ. ನರದಿಂದ ಆಜ್ಞೆ ಬಂದ ಕೂಡಲೇ ಸ್ನಾಯುವಿನ ಎಳೆಗಳ ಉದ್ದಕ್ಕೂ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಒಂದು ಅಲೆ ಸಾಗುತ್ತದೆ. ಚರ್ಮದ ಮೇಲೆ ಎಲೆಕ್ಟ್ರೋಡ್ ಎಂಬ ಬಿಲ್ಲೆಗಳನ್ನು ಅಂಟಿಸಿ ಆ ಅಲೆಗಳ ಒಟ್ಟು ಮೊತ್ತವನ್ನು ಹಿಡಿಯುವುದೇ ಎಲೆಕ್ಟ್ರೋಮಯೋಗ್ರಫಿ, ಚಿಕ್ಕದಾಗಿ ಇಎಂಜಿ. ಹೊಸ ವಿದ್ಯೆಯೇನಲ್ಲ. ಇಟಲಿಯ ವಿಜ್ಞಾನಿ ಗ್ಯಾಲ್ವಾನಿ, ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಮಿಡಿಯುವ ಪ್ರಯೋಗಗಳನ್ನು ಪ್ರಕಟಿಸಿದ್ದು 1791ರಲ್ಲಿ. ಮನುಷ್ಯ ತಾನಾಗಿ ಸ್ನಾಯು ಬಿಗಿದಾಗ ಹುಟ್ಟುವ ವಿದ್ಯುತ್ತನ್ನು ಜರ್ಮನಿಯ ವಿಜ್ಞಾನಿ ಡು ಬೋಯಿ ರೇಮಂಡ್ 1849ರ ಹೊತ್ತಿಗೇ ತೋರಿಸಿದ್ದ.

ಈ ವಿದ್ಯುತ್ತು ತೀರಾ ಸಣ್ಣದು. ಕೆಲವು ಮೈಕ್ರೋವೋಲ್ಟಿನಿಂದ ಕೆಲವು ಮಿಲಿವೋಲ್ಟಿನವರೆಗೆ ಅಷ್ಟೇ. ಒಂದು ಮೈಕ್ರೋವೋಲ್ಟ್ ಅಂದರೆ ವೋಲ್ಟಿನ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ಅದನ್ನು ಚರ್ಮ, ಕೊಬ್ಬು, ಬೆವರು ಎಲ್ಲ ದಾಟಿ ಹಿಡಿಯಬೇಕು. ತುಂಬಿದ ಸಭಾಂಗಣದ ಹೊರಗೋಡೆಗೆ ಕಿವಿ ಇಟ್ಟು ಕೇಳಿದ ಹಾಗೆ ಇದು. ಗದ್ದಲ ಜಾಸ್ತಿಯಾಯಿತೋ ಕಡಿಮೆಯಾಯಿತೋ ಗೊತ್ತಾಗುತ್ತದೆ. ಯಾರು ಏನು ಹೇಳಿದರು, ಯಾಕೆ ಸುಮ್ಮನಾದರು ಅನ್ನುವುದು ತಿಳಿಯುವುದಿಲ್ಲ.

ಒಮ್ಮೆ ಇಂಥ ಅಳತೆಗೆ ನಾನೂ ಕೂತಿದ್ದೆ. ಹೆಗಲು ಒರೆಸಿ, ಎಲೆಕ್ಟ್ರೋಡ್ ಅಂಟಿಸಿ, "ಈಗ ಹೆಗಲು ಸಡಿಲ ಬಿಡಿ" ಅಂದರು. ಬಿಟ್ಟೆ ಅಂದುಕೊಂಡೆ. ಪರದೆಯ ಗೆರೆ ದಪ್ಪಗೇ ಇತ್ತು. "ಇನ್ನೂ ಬಿಡಿ" ಅಂದರು. ಗೆರೆ ಇನ್ನಷ್ಟು ದಪ್ಪವಾಯಿತು! ಸಡಿಲ ಬಿಡಬೇಕೆಂಬ ಹಟದಲ್ಲೇ ನಾನು ಹೆಗಲು ಬಿಗಿದುಕೊಂಡಿದ್ದೆ. ಆಮೇಲೆ ಅವರು ಬೇರೇನೋ ಮಾತು ತೆಗೆದರು, ಬಂದ ದಾರಿ ಹೇಗಿತ್ತು ಅಂತ ಕೇಳಿದರು. ಎರಡು ನಿಮಿಷದಲ್ಲಿ ಗೆರೆ ತಾನಾಗಿಯೇ ತೆಳ್ಳಗಾಯಿತು. ಸೂಜಿ ಇರಲಿಲ್ಲ, ಮದ್ದಿರಲಿಲ್ಲ. ಬರೀ ಮಾತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಲೆಕೆಳಗಾದ ಮಗು

ಕಿವಿಗೆ ಚುಚ್ಚಿದರೆ ಹೆಗಲಿಗೋ ಮಂಡಿಗೋ ಏನಾದರೂ ಆಗುತ್ತದೆ ಎಂಬ ಯೋಚನೆ ಎಲ್ಲಿಂದ ಬಂತು? ಇದು ಪೂರ್ತಿ ಚೀನಾದ ಹಳೆಯ ವಿದ್ಯೆ ಎಂದೇ ಹಲವರ ನಂಬಿಕೆ. ಇವತ್ತು ಗೋಡೆಗೆ ನೇತುಹಾಕುವ ಕಿವಿಯ ನಕ್ಷೆ ಹುಟ್ಟಿದ್ದು ಮಾತ್ರ ಫ್ರಾನ್ಸಿನಲ್ಲಿ. ಲಿಯೋನ್ ಪಟ್ಟಣದ ವೈದ್ಯ ಪಾಲ್ ನೋಜಿಯೆ 1950ರ ದಶಕದ ಆರಂಭದಲ್ಲಿ ಒಂದು ವಿಚಿತ್ರ ಗಮನಿಸಿದರು. ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವಿದ್ದ ಕೆಲವು ರೋಗಿಗಳ ಕಿವಿಯಲ್ಲಿ ಒಂದೇ ಜಾಗದಲ್ಲಿ ಸುಟ್ಟ ಗಾಯದ ಗುರುತಿತ್ತು. ವೈದ್ಯಕೀಯ ಓದದ ನಾಟಿ ಚಿಕಿತ್ಸಕರೊಬ್ಬರು ಅಲ್ಲಿ ಬರೆ ಹಾಕಿದ್ದರು. ನೋವು ಕಡಿಮೆಯಾಯಿತು ಎಂದು ರೋಗಿಗಳು ಹೇಳಿದರು.

ನೋಜಿಯೆ ಅದನ್ನೇ ಹಿಡಿದು ಹೊರಟರು. ಕಿವಿಯನ್ನು ಹೊಟ್ಟೆಯೊಳಗೆ ತಲೆಕೆಳಗಾಗಿ ಮಲಗಿದ ಮಗುವಿನಂತೆ ಕಂಡರು. ಹಾಲೆ ಅಂದರೆ ತಲೆ. ಒಳಗಿನ ಬಾಗಿದ ಏಣು ಅಂದರೆ ಬೆನ್ನುಮೂಳೆ. ಮೇಲ್ಭಾಗ ಅಂದರೆ ಕೈಕಾಲು. ಇದು ಪ್ರಕಟವಾದ ಮೇಲೆ ಚೀನಾದವರು ಅದನ್ನು ಎತ್ತಿಕೊಂಡು ತಮ್ಮದೇ ನಕ್ಷೆ ಮಾಡಿದರು. ಎರಡೂ ನಕ್ಷೆಗಳು ಎಲ್ಲ ಕಡೆ ಹೊಂದುವುದಿಲ್ಲ. ಮಂಡಿಯ ಬಿಂದು ಎಲ್ಲಿದೆ ಎಂದು ಕೇಳಿದರೆ ಒಂದು ನಕ್ಷೆ ಒಂದು ಕಡೆ ಬೆರಳು ಮಾಡುತ್ತದೆ, ಇನ್ನೊಂದು ಪಕ್ಕದ ಗುಳಿ ತೋರಿಸುತ್ತದೆ. ಹೆಸರುಗಳನ್ನಾದರೂ ಒಂದು ಮಾಡೋಣ ಎಂದು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಲಿಯೋನಿನಲ್ಲೇ ಸಭೆ ಕರೆಯಿತು.

ನಕ್ಷೆ ನಿಜವೇ ಅಂತ ಪರೀಕ್ಷಿಸಿದವರಿದ್ದಾರೆ. 1980ರಲ್ಲಿ ಅಮೆರಿಕದ ಸಂಶೋಧಕ ಟೆರಿ ಓಲೆಸನ್ ಮತ್ತು ಸಂಗಡಿಗರು 40 ರೋಗಿಗಳನ್ನು ಬಟ್ಟೆ ಮುಚ್ಚಿ ಮಲಗಿಸಿದರು. ಪರೀಕ್ಷಕರಿಗೆ ಕಿವಿ ಮಾತ್ರ ಕಾಣುವಂತೆ ಮಾಡಿ, ಮೈಯಲ್ಲಿ ನೋವು ಎಲ್ಲಿದೆ ಹೇಳಿ ಅಂದರು. 75.2 ಶೇಕಡಾ ಹೊಂದಿಕೆ ಸಿಕ್ಕಿತು. ಕಿವಿ ಚಿಕಿತ್ಸೆಯವರು ಈ ಅಂಕಿಯನ್ನು ಬಹಳ ಪ್ರೀತಿಯಿಂದ ಹೇಳುತ್ತಾರೆ. ನಾಲ್ಕು ವರ್ಷದ ನಂತರ, 1984ರಲ್ಲಿ, ನೋವಿನ ವಿಜ್ಞಾನದಲ್ಲಿ ದೊಡ್ಡ ಹೆಸರಾದ ರೊನಾಲ್ಡ್ ಮೆಲ್ಜಾಕ್ ಮತ್ತು ಜೋಯೆಲ್ ಕಾಟ್ಜ್ ಇನ್ನೊಂದು ಪ್ರಯೋಗ ಮಾಡಿದರು. ದೀರ್ಘಕಾಲದ ನೋವಿದ್ದ 36 ಜನ. ಒಮ್ಮೆ ನಕ್ಷೆ ಹೇಳಿದ ಬಿಂದುವಿಗೆ, ಒಮ್ಮೆ ಸಂಬಂಧವಿಲ್ಲದ ಬಿಂದುವಿಗೆ ವಿದ್ಯುತ್ ಪ್ರಚೋದನೆ. ವ್ಯತ್ಯಾಸ ಕಾಣಲಿಲ್ಲ. ಈ ಫಲಿತಾಂಶವನ್ನು ಅದೇ ಜನ ಅಷ್ಟು ಪ್ರೀತಿಯಿಂದ ಹೇಳುವುದಿಲ್ಲ. ಹೇಳಬೇಕಿತ್ತು.

ನಕ್ಷೆ ತಪ್ಪಿರಬಹುದು, ಕಿವಿ ಸುಮ್ನೆ ಇರುವುದಿಲ್ಲ

ನಕ್ಷೆ ಬಿದ್ದುಹೋದರೆ ಕಿವಿಯ ಕಥೆಯೇ ಮುಗಿಯಿತು ಅಂತ ಅನೇಕ ವಿಮರ್ಶಕರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತಲೆಕೆಳಗಾದ ಮಗು ಬರೀ ಕಲ್ಪನೆಯೇ ಆಗಿದ್ದರೂ ಕಿವಿಯ ನರಗಳು ಕಲ್ಪನೆಯಲ್ಲ.

ಅಂಗೈಯ ಅರ್ಧದಷ್ಟೂ ಇಲ್ಲದ ಈ ಅಂಗಕ್ಕೆ ನಾಲ್ಕಾರು ದಿಕ್ಕಿನಿಂದ ನರಗಳು ಬರುತ್ತವೆ. ಮುಖದ ಟ್ರೈಜೆಮಿನಲ್ ನರದ ಕವಲು ಮುಂಭಾಗಕ್ಕೆ ಬರುತ್ತದೆ. ಕುತ್ತಿಗೆಯ ಎರಡನೆಯ, ಮೂರನೆಯ ನರಗಳಿಂದ ಹುಟ್ಟಿದ ಗ್ರೇಟ್ ಆರಿಕ್ಯುಲರ್ ನರ ಹಾಲೆಗೂ ಹಿಂಭಾಗಕ್ಕೂ ಬರುತ್ತದೆ. ಜೊತೆಗೆ ವೇಗಸ್ ನರದ ಒಂದು ಕವಲು. ವೇಗಸ್ ಅಂದರೆ ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೂ ಇಳಿಯುವ ದೊಡ್ಡ ನರ. ಅದು ಹೊರಚರ್ಮಕ್ಕೆ ಬರುವುದು ಕಿವಿಯಲ್ಲಿ ಮಾತ್ರ. ಕಿವಿಯೊಳಗೆ ಕಡ್ಡಿ ಹಾಕಿದರೆ ಕೆಲವರಿಗೆ ಕೆಮ್ಮು ಬರುವುದು ಇದರಿಂದಲೇ. ಪಾಯ್ಕರ್ ಮತ್ತು ಫಿಲ್ಲರ್ ಎಂಬ ಅಂಗರಚನಾ ತಜ್ಞರು 2002ರಲ್ಲಿ ಏಳು ಶವಗಳ 14 ಕಿವಿ ಬಿಡಿಸಿ ನೋಡಿ, ಕಿವಿಬಟ್ಟಲಿನ ಮೇಲಿನ ಗುಳಿಗೆ ವೇಗಸ್ ಒಂದೇ ಬರುತ್ತದೆ ಎಂದು ವರದಿ ಮಾಡಿದರು. ಸೂಜಿ ಇಲ್ಲದೆ, ಕಿವಿಯ ಮೇಲಿಂದಲೇ ವೇಗಸ್ ನರವನ್ನು ಪ್ರಚೋದಿಸುವ ಇವತ್ತಿನ ಉಪಕರಣಗಳು ಬಹುಮಟ್ಟಿಗೆ ಆ ಗುಳಿಯನ್ನೇ ಗುರಿ ಮಾಡುತ್ತವೆ.

ಈಗ ಸ್ನಾಯುಗಳ ಕಡೆ ಬನ್ನಿ. ಟ್ರೈಜೆಮಿನಲ್ ನರದ ಯಾವ ಶಾಖೆ ಕಿವಿಯ ಮುಂಭಾಗಕ್ಕೆ ಬರುತ್ತದೋ, ಅದೇ ಶಾಖೆ ಅಗಿಯುವ ಸ್ನಾಯುಗಳನ್ನೂ ನಡೆಸುತ್ತದೆ. ಮುಖದ ಮತ್ತು ಮೇಲ್ಗುತ್ತಿಗೆಯ ಸುದ್ದಿಗಳು ಮಿದುಳಿನ ಬುಡದಲ್ಲಿ ಒಂದೇ ಕಡೆ ಬಂದು ಸೇರುತ್ತವೆ. ಹಾಗಾಗಿ ಕಿವಿಗೆ ಚುಚ್ಚಿದರೆ ದವಡೆಯಲ್ಲಿ, ಕುತ್ತಿಗೆಯಲ್ಲಿ, ಹೆಗಲ ಮೇಲಿನ ಟ್ರಪೀಜಿಯಸ್ ಸ್ನಾಯುವಿನಲ್ಲಿ ಏನಾದರೂ ಬದಲಾವಣೆ ಕಂಡರೆ ಅದಕ್ಕೆ ದಾರಿ ಇದೆ. ಮೀನಖಂಡದಲ್ಲಿ ಕಂಡರೆ? ದಾರಿ ಉದ್ದ, ಪುರಾವೆಯೂ ಅಷ್ಟೇ ಗಟ್ಟಿ ಇರಬೇಕು.

ಇಳಿದರೆ ಒಳ್ಳೆಯದೋ, ಏರಿದರೆ ಒಳ್ಳೆಯದೋ?

ಅಳತೆಯ ತಕರಾರುಗಳಲ್ಲಿ ನನಗೆ ಮೊದಲು ಕಾಣುವುದು ಇದು. ಜ್ವರ ಇಳಿದರೆ ಒಳ್ಳೆಯದು, ಅದರಲ್ಲಿ ಚರ್ಚೆಯಿಲ್ಲ. ಇಎಂಜಿ ಹಾಗಲ್ಲ. ದಿನವಿಡೀ ಕಂಪ್ಯೂಟರ್ ಮುಂದೆ ಕೂತವರ ಹೆಗಲಿನಲ್ಲಿ ಗೆರೆ ಇಳಿಯಬೇಕು. ಮಂಡಿ ಆಪರೇಷನ್ ಆದವರ ತೊಡೆಯಲ್ಲಿ ಗೆರೆ ಏರಬೇಕು, ಯಾಕೆಂದರೆ ಅಲ್ಲಿ ಸ್ನಾಯು ಸರಿಯಾಗಿ ಎಚ್ಚರವಾಗುತ್ತಿರುವುದಿಲ್ಲ. ಇದರ ಲಾಭ ಪಡೆಯುವುದು ಸುಲಭ. ಇಳಿದರೆ 'ಸಡಿಲ ಆಯ್ತು', ಏರಿದರೆ 'ಚುರುಕಾಯ್ತು', ಎರಡೂ ಆಗದಿದ್ದರೆ 'ಸಮತೋಲನ ಬಂತು'. ಯಾವ ಫಲಿತಾಂಶ ಬಂದರೂ ಸೂಜಿಯೇ ಗೆದ್ದಂತೆ. ಅದಕ್ಕೇ ಯಾವ ಸ್ನಾಯು, ಯಾವ ಕೆಲಸ, ಯಾವ ದಿಕ್ಕು ಎಂದು ಸೂಜಿ ಮುಟ್ಟುವ ಮೊದಲೇ ಬರೆದಿಡಬೇಕು.

ದಿಕ್ಕು ಸರಿ ಇದ್ದರೂ ಅರ್ಥ ಜಾರಬಹುದು. ಮೊಣಕೈ ಮಡಿಸಿ ಎರಡು ಕಿಲೋ ತೂಕ ಹಿಡಿದು ನಿಲ್ಲಿ. ಬೈಸೆಪ್ಸಿನ ಗೆರೆ ಹತ್ತು ನಿಮಿಷದ ನಂತರ ಇಳಿದಿದೆ ಅಂದುಕೊಳ್ಳಿ. ಕೆಲಸ ಹಗುರಾಯಿತು ಎಂದಲ್ಲ. ಅದರ ಅಡಿಯಲ್ಲಿರುವ ಬ್ರೇಕಿಯಾಲಿಸ್ ಸ್ನಾಯು ಸದ್ದಿಲ್ಲದೆ ಭಾರ ತನ್ನ ಮೇಲೆ ಎಳೆದುಕೊಂಡಿರಬಹುದು. ಎಲೆಕ್ಟ್ರೋಡ್ ಇರುವುದು ಮೇಲಿನವನ ಮನೆ ಬಾಗಿಲಲ್ಲಿ, ಕೆಲಸ ನಡೆದಿರುವುದು ಕೆಳಗಿನವನ ಮನೆಯಲ್ಲಿ.

ಇನ್ನು ವಿಶ್ರಾಂತಿಯಲ್ಲಿರುವ ಸ್ನಾಯು. ಚೆನ್ನಾಗಿ ಸಡಿಲ ಬಿಟ್ಟ ಸ್ನಾಯುವಿನಲ್ಲಿ ವಿದ್ಯುತ್ತು ಹೆಚ್ಚುಕಡಿಮೆ ಇರುವುದೇ ಇಲ್ಲ. ಆಗ ಪರದೆಯಲ್ಲಿ ಕಾಣುವುದು ಹೆಚ್ಚಿನ ಪಾಲು ಯಂತ್ರದ ಸ್ವಂತ ಗೊರಗೊರ ಸದ್ದು. ಒಂದು ಊಹೆಯ ಲೆಕ್ಕ ಹೇಳುತ್ತೇನೆ. ಮೊದಲು 3 ಮೈಕ್ರೋವೋಲ್ಟ್ ಇತ್ತು, ಆಮೇಲೆ 2 ಆಯಿತು. ಸ್ಲೈಡಿನಲ್ಲಿ ಬರೆಯುವುದು '33 ಶೇಕಡಾ ಇಳಿಕೆ'. ಕೇಳಲು ಎಷ್ಟು ಚಂದ! ಇಳಿದದ್ದು ಮಾತ್ರ ಎಲೆಕ್ಟ್ರೋಡಿನಡಿಯ ಜೆಲ್ ಒಳಗಿಳಿದು ಚರ್ಮ ಮೆತ್ತಗಾದ ಲೆಕ್ಕವೂ ಇರಬಹುದು. ಎಲೆಕ್ಟ್ರೋಡ್ ಅಂಟಿಸಿದ ಮೊದಲ ಕೆಲವು ನಿಮಿಷ ಚರ್ಮ ವಿದ್ಯುತ್ತಿಗೆ ಒಡ್ಡುವ ತಡೆ ಇಳಿಯುತ್ತಲೇ ಇರುತ್ತದೆ. ಹೆಗಲಿನ ಇಎಂಜಿಯಲ್ಲಿ ಹೃದಯದ ಬಡಿತವೂ ಬಂದು ಸೇರುತ್ತದೆ, ಎಡ ಹೆಗಲಿನಲ್ಲಿ ಜಾಸ್ತಿ. ಗೋಡೆಯ ವಿದ್ಯುತ್ ತಂತಿಯ 50 ಅಥವಾ 60 ಹರ್ಟ್ಜ್ ಗುಂಯ್‌ಗುಡುವಿಕೆ ಬೇರೆ. ಕಿವಿಯ ಸೂಜಿಗೆ ಕರೆಂಟ್ ಕೊಡುವ ಪದ್ಧತಿಯಾದರೆ ಆ ಕರೆಂಟಿನ ಮಿಡಿತವೇ ಕುತ್ತಿಗೆಯ ಎಲೆಕ್ಟ್ರೋಡಿಗೆ ಸೋರಿ ಬರಬಹುದು. ಆಗ ಅಳೆಯುತ್ತಿರುವುದು ಸ್ನಾಯುವನ್ನಲ್ಲ, ನಮ್ಮದೇ ಉಪಕರಣವನ್ನು.

ಇದಕ್ಕೆಲ್ಲ ಮದ್ದು ಇದೆ. 1990ರ ದಶಕದಲ್ಲಿ ಯೂರೋಪಿನ ಸೆನಿಯಾಮ್ ಎಂಬ ಯೋಜನೆ ಎಲೆಕ್ಟ್ರೋಡ್ ಎಲ್ಲಿ, ಹೇಗೆ ಇಡಬೇಕೆಂದು ಸ್ನಾಯುವಾರು ಶಿಫಾರಸು ಮಾಡಿತು. ಎರಡು ಬಿಲ್ಲೆಗಳ ನಡುವೆ 20 ಮಿಲಿಮೀಟರ್. ಮೇಲಿನ ಟ್ರಪೀಜಿಯಸ್‌ಗಾದರೆ ಕುತ್ತಿಗೆಯ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯಿಂದ ಹೆಗಲ ತುದಿಯ ಮೂಳೆಯವರೆಗೆ ಗೆರೆ ಎಳೆದು ಅದರ ಸರಿ ಮಧ್ಯ. ಕೂದಲಿದ್ದರೆ ಬೋಳಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ, ಒಣಗಿದ ಮೇಲೆ ಅಂಟಿಸಬೇಕು. ಇಷ್ಟು ಮಾಡಿದರೂ ನಾಳೆ ಮತ್ತೆ ಅಂಟಿಸುವಾಗ ಸ್ವಲ್ಪ ಆಚೀಚೆ ಆಗಿಯೇ ಆಗುತ್ತದೆ.

ಅದಕ್ಕೆ ಇನ್ನೊಂದು ಉಪಾಯ. ವ್ಯಕ್ತಿಗೆ ಪೂರ್ತಿ ಶಕ್ತಿ ಹಾಕಲು ಹೇಳಿ, ಆಗ ಬಂದ ಗೆರೆಯನ್ನು ನೂರು ಎಂದಿಟ್ಟುಕೊಂಡು ಉಳಿದದ್ದನ್ನು ಶೇಕಡಾ ಲೆಕ್ಕದಲ್ಲಿ ಹೇಳುವುದು. ಮತ್ತೆ ಊಹೆಯ ಅಂಕಿಗಳು: ಮೊದಲ ದಿನ ಪೂರ್ತಿ ಶಕ್ತಿಗೆ 400 ಮೈಕ್ರೋವೋಲ್ಟ್, ಕೈ ಎತ್ತಿ ಹಿಡಿದಾಗ 40. ಅಂದರೆ 10 ಶೇಕಡಾ. ಮರುದಿನ ಎಲೆಕ್ಟ್ರೋಡ್ ಸರಿದು 300 ಮತ್ತು 30 ಬಂತು. ಬರೀ 40, 30 ನೋಡಿದವರು 'ಕಾಲುಭಾಗ ಇಳಿಯಿತು' ಅಂತ ಕುಣಿಯುತ್ತಾರೆ. ಶೇಕಡಾ ನೋಡಿದವರಿಗೆ ಅದೇ 10.

ಚೆನ್ನಾಗಿದೆ, ಅಲ್ವಾ? ಆದರೆ ಇಲ್ಲೊಂದು ಕಳ್ಳಬಾಗಿಲಿದೆ. 'ಪೂರ್ತಿ ಶಕ್ತಿ' ಅನ್ನುವುದು ಮನಸ್ಸಿನ ಮೇಲೆ ನಿಂತಿದೆ. ಹೆಗಲು ನೋವಿದ್ದವರು ಮೊದಲ ಸಲ ಹೆದರಿ ಅರ್ಧಂಬರ್ಧ ಒತ್ತುತ್ತಾರೆ. ಸೂಜಿ ಹಾಕಿಸಿಕೊಂಡ ಮೇಲೆ ನೋವು ಕಡಿಮೆಯಾಗಿಯೋ, ಧೈರ್ಯ ಬಂದೋ ಜೋರಾಗಿ ಒತ್ತುತ್ತಾರೆ. 400 ಇದ್ದದ್ದು 500 ಆಯಿತು. ಕೈ ಎತ್ತಿದಾಗಿನ 40 ಹಾಗೇ ಇದೆ. ಲೆಕ್ಕದಲ್ಲಿ ಮಾತ್ರ 10 ಶೇಕಡಾ 8ಕ್ಕೆ ಇಳಿಯಿತು. ಸ್ನಾಯು ಸಡಿಲವಾಗಲಿಲ್ಲ, ಭಾಗಿಸುವ ಅಂಕಿ ದೊಡ್ಡದಾಯಿತು ಅಷ್ಟೇ. ಪ್ರಬಂಧ ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ: ಪೂರ್ತಿ ಶಕ್ತಿಯ ಅಂಕಿಗಳನ್ನು ಬೇರೆಯಾಗಿ ಕೊಟ್ಟಿದ್ದಾರಾ?

ಹುಸಿ ಸೂಜಿಯ ಪೇಚು

ಈಗ ದೊಡ್ಡ ಪ್ರಶ್ನೆ. ಅಳತೆಯೆಲ್ಲ ಸರಿಯಾಗಿಯೇ ಆಯಿತು, ಹೆಗಲಿನ ಗೆರೆ ನಿಜಕ್ಕೂ ಇಳಿಯಿತು. ಕಾಗೆ ಕೂತಿತು, ಕೊಂಬೆ ಮುರಿಯಿತು. ಕಾಗೆಯಿಂದಲೇ ಮುರಿಯಿತಾ?

ಇಪ್ಪತ್ತು ನಿಮಿಷ ಸುಮ್ನೆ ಕೂತರೆ ಯಾರ ಹೆಗಲಾದರೂ ಇಳಿಯುತ್ತದೆ. ನನ್ನ ಹೆಗಲು ಎರಡು ನಿಮಿಷದ ಹರಟೆಗೇ ಇಳಿದಿತ್ತು. ಹಾಗಾಗಿ ಸೂಜಿ ಇಲ್ಲದೆ ಕೂತ ಗುಂಪು ಬೇಕೇ ಬೇಕು. ಅದಷ್ಟೇ ಸಾಲದು. ಸೂಜಿ ಹಾಕಿಸಿಕೊಂಡೆ ಎಂಬ ನಂಬಿಕೆ ಮಾಡುವ ಕೆಲಸವನ್ನೂ ಸೂಜಿಯ ಕೆಲಸದಿಂದ ಬೇರ್ಪಡಿಸಬೇಕು. ಅದಕ್ಕೆ ಹುಸಿ ಸೂಜಿ. ಮೈಗೆ ಹಾಕುವ ಅಕ್ಯುಪಂಕ್ಚರಿಗೆ 1998ರಲ್ಲಿ ಜರ್ಮನಿಯ ಸ್ಟ್ರೈಟ್‌ಬರ್ಗರ್ ಒಂದು ಜಾಣ ಉಪಕರಣ ತೋರಿಸಿದರು. ಸೂಜಿಯ ತುದಿ ಮೊಂಡು. ಒತ್ತಿದರೆ ಚುಚ್ಚುವುದಿಲ್ಲ, ಹಿಡಿಯೊಳಗೇ ಜಾರಿಕೊಳ್ಳುತ್ತದೆ. ನೋಡಿದವರಿಗೆ ಒಳಗೆ ಹೋದಂತೆ ಕಾಣುತ್ತದೆ. ಅದನ್ನು ಚರ್ಮದ ಮೇಲೆ ನಿಲ್ಲಿಸಲು ಉಂಗುರ, ಪಟ್ಟಿ ಬೇಕು. ಮಡಿಕೆ ಮಡಿಕೆಯಾಗಿ, ಗುಳಿ ಗುಳಿಯಾಗಿ ಇರುವ ಕಿವಿಯಲ್ಲಿ ಅದಕ್ಕೆ ಜಾಗ ಎಲ್ಲಿದೆ?

ಹಾಗಾಗಿ ಕಿವಿಯ ಪ್ರಯೋಗಗಳಲ್ಲಿ 'ಬೇರೆ ಬಿಂದು'ವಿಗೆ ಚುಚ್ಚುವುದು ರೂಢಿ. ಹೆಗಲಿನ ಬಿಂದುವಿನ ಬದಲು ಇನ್ನೊಂದಕ್ಕೆ. ಎಲ್ಲ ಬಿಂದುಗಳೂ ಒಂದಕ್ಕೊಂದು ಕೆಲವೇ ಮಿಲಿಮೀಟರ್ ದೂರ, ನರ ಹಲವು ಸಲ ಒಂದೇ. ಎರಡೂ ಗುಂಪಿಗೆ ಒಂದೇ ಫಲಿತಾಂಶ ಬಂದರೆ ಒಬ್ಬರು ಅನ್ನುತ್ತಾರೆ, "ನೋಡಿ, ಬಿಂದುವಿಗೆ ಬೆಲೆಯಿಲ್ಲ." ಇನ್ನೊಬ್ಬರು ಅನ್ನುತ್ತಾರೆ, "ಹುಸಿ ಸೂಜಿಯೂ ಕೆಲಸ ಮಾಡಿದೆ, ಕಿವಿಯ ಶಕ್ತಿ ಅಂಥದ್ದು." ಅಡ್ಡಗೋಡೆ ಮೇಲಿಟ್ಟ ದೀಪ ಇದು, ಎರಡೂ ಕಡೆ ಬೆಳಕು.

ಈ ಪೇಚು ಕಿವಿಗಷ್ಟೇ ಸೀಮಿತವಲ್ಲ. ಬೆನ್ನುನೋವಿಗೆ ಅಕ್ಯುಪಂಕ್ಚರ್ ಬಗ್ಗೆ ಜರ್ಮನಿಯಲ್ಲಿ 1162 ಜನರ ಮೇಲೆ ನಡೆದ ದೊಡ್ಡ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಸರಿಯಾದ ಬಿಂದುವಿಗೆ ಸೂಜಿ ಹಾಕಿಸಿಕೊಂಡವರಲ್ಲಿ 47.6 ಶೇಕಡಾ ಜನರಿಗೆ ಗುಣ ಕಂಡಿತು. ಬೇರೆಲ್ಲೋ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ 44.2. ಮಾಮೂಲಿ ಔಷಧ, ವ್ಯಾಯಾಮ ಪಡೆದವರಲ್ಲಿ 27.4. ಸೂಜಿ ಮಾಮೂಲಿ ಚಿಕಿತ್ಸೆಗಿಂತ ಮೇಲು, ಆದರೆ ಎಲ್ಲಿ ಚುಚ್ಚಿದರು ಅನ್ನುವುದು ಹೆಚ್ಚುಕಡಿಮೆ ಮುಖ್ಯವೇ ಆಗಲಿಲ್ಲ! ಈ ಅಂಕಿಗಳ ಮೇಲೆ ಇವತ್ತಿಗೂ ಜಗಳ ಮುಗಿದಿಲ್ಲ.

"ಅದು ನೋವು, ರೋಗಿ ಬಾಯಲ್ಲಿ ಹೇಳುವಂಥದ್ದು. ಇಎಂಜಿ ಯಂತ್ರದ ಅಳತೆ, ಅಲ್ಲಿ ಮನಸ್ಸಿನ ಆಟ ನಡೆಯುವುದಿಲ್ಲ" ಎಂಬ ವಾದ ಆಗಾಗ ಕೇಳುತ್ತೇನೆ. ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ. ಆದರೆ ಸ್ನಾಯು ಅಂದರೆ ಮನಸ್ಸಿನ ಮಾತು ಕೇಳಲೆಂದೇ ಇರುವ ಅಂಗ. 2008ರಲ್ಲಿ ಇಟಲಿಯ ಪೊಲ್ಲೊ, ಬೆನೆಡೆಟ್ಟಿ ಮತ್ತು ಸಂಗಡಿಗರು ಇದನ್ನು ತೋರಿಸಿದರು. ತುಂಬಾ ಕೆಫೀನ್ ಇದೆ ಎಂದು ಹೇಳಿ, ಅದಿಲ್ಲದ ಪಾನೀಯ ಕೊಟ್ಟರು. ಕುಡಿದವರ ತೊಡೆಯ ಸ್ನಾಯು ಹೆಚ್ಚು ಕೆಲಸ ಮಾಡಿತು. ಯಂತ್ರ ಸುಳ್ಳು ಹೇಳಲಿಲ್ಲ. ನಂಬಿಕೆಯೇ ಸ್ನಾಯುವಿಗಿಳಿದಿತ್ತು, ಯಂತ್ರ ಅದನ್ನೇ ಅಳೆಯಿತು.

ಮನಸ್ಸನ್ನು ಆದಷ್ಟು ಪಕ್ಕಕ್ಕಿಡುವ ಅಳತೆಗಳೂ ಇವೆ. ಮಂಡಿಯ ಹಿಂದೆ ನರಕ್ಕೆ ಸಣ್ಣ ಕರೆಂಟ್ ಕೊಟ್ಟರೆ ಸುದ್ದಿ ಬೆನ್ನುಹುರಿಗೆ ಹೋಗಿ ವಾಪಸ್ ಬಂದು, ಸುಮಾರು 30 ಮಿಲಿಸೆಕೆಂಡಿನಲ್ಲಿ ಮೀನಖಂಡ ಮಿಡಿಯುತ್ತದೆ. ಇದನ್ನು ಮೊದಲು ವಿವರಿಸಿದ ಪಾಲ್ ಹಾಫ್ಮನ್ ಹೆಸರಿನಲ್ಲಿ ಎಚ್ ರಿಫ್ಲೆಕ್ಸ್ ಅನ್ನುತ್ತಾರೆ. ಇಲ್ಲಿ ವ್ಯಕ್ತಿ ಬೇಕೆಂದು ಒತ್ತುವ ಪ್ರಶ್ನೆಯೇ ಇಲ್ಲ. ಕಿವಿಗೆ ಸೂಜಿ ಹಾಕಿದಾಗ ಈ ಮಿಡಿತ ಬದಲಾದರೆ ಬೆನ್ನುಹುರಿಯ ಮಟ್ಟದಲ್ಲೇ ಏನೋ ಆಗಿದೆ ಎನ್ನಬಹುದು.

ಎನ್ನಬಹುದು, ಅಷ್ಟೇ. ಯಾಕೆಂದರೆ ಹಲ್ಲು ಕಚ್ಚಿದರೂ ಈ ಮಿಡಿತ ಜೋರಾಗುತ್ತದೆ. ದವಡೆಯನ್ನೋ ಕೈಬೆರಳುಗಳನ್ನೋ ಬಿಗಿದರೆ ಕಾಲಿನ ರಿಫ್ಲೆಕ್ಸ್ ಏರುವುದು ಬಹಳ ಹಳೆಯ ಸಂಗತಿ. ಮಂಡಿಗೆ ಸುತ್ತಿಗೆ ತಟ್ಟುವಾಗ ವೈದ್ಯರು "ಎರಡೂ ಕೈ ಹೆಣೆದು ಎಳೆಯಿರಿ" ಅನ್ನುವುದು ಇದಕ್ಕೇ. ಈಗ ಯೋಚಿಸಿ. ಕಿವಿಯ ಮೃದ್ವಸ್ಥಿಗೆ ಸೂಜಿ ತಾಗಿದರೆ ಚುರ್ ಅನ್ನುತ್ತದೆ. ಗೊತ್ತಿಲ್ಲದೆಯೇ ಹಲ್ಲು ಕಚ್ಚುತ್ತೇವೆ. ಮೀನಖಂಡ ಜೋರಾಗಿ ಮಿಡಿಯುತ್ತದೆ. ಕಿವಿಯಿಂದ ಕಾಲಿಗೆ ಸಂಬಂಧ ಸಿಕ್ಕೇಬಿಟ್ಟಿತು, ನಡುವೆ ಯಾವ ನಕ್ಷೆಯೂ ಇಲ್ಲ. ಅದಕ್ಕೇ ಕಾಲಿನ ಪ್ರಯೋಗ ಮಾಡುವವರು ದವಡೆಗೂ ಒಂದು ಎಲೆಕ್ಟ್ರೋಡ್ ಅಂಟಿಸಲೇಬೇಕು ಅನ್ನುವುದು ನನ್ನ ಹಟ.

ಹುಡುಕಿದವರಿಗೆ ಸಿಗುವುದು

ಈ ವಿಷಯದ ಪ್ರಯೋಗಗಳಲ್ಲಿ ಬಹಳಷ್ಟು ಸಣ್ಣವು. ಬೆರಳೆಣಿಕೆಯ ಜನ, ಅಳತೆಗಳು ಮಾತ್ರ ರಾಶಿ. ಐದು ಸ್ನಾಯು, ಎರಡು ಬದಿ, ಎರಡು ಲೆಕ್ಕ. ಆಯಿತಲ್ಲ, ಇಪ್ಪತ್ತು ಹೋಲಿಕೆ. ಸೂಜಿಗೆ ಯಾವ ಶಕ್ತಿಯೂ ಇಲ್ಲದಿದ್ದರೂ, ಸಂಶೋಧನೆಯ ರೂಢಿಯ ಮಾನದಂಡದಲ್ಲಿ, ಒಂದೊಂದು ಹೋಲಿಕೆಯಲ್ಲಿ ನೂರಕ್ಕೆ ಐದರಷ್ಟು ಆಕಸ್ಮಿಕ ಗೆಲುವಿಗೆ ಅವಕಾಶವಿದೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಹೋಲಿಕೆಯಲ್ಲಿ ಕನಿಷ್ಠ ಒಂದಾದರೂ ಗೆಲ್ಲುವ ಸಾಧ್ಯತೆ 64 ಶೇಕಡಾ. ಗೆದ್ದ ಒಂದನ್ನು ಶೀರ್ಷಿಕೆಗೆ ಏರಿಸಿ, ಸೋತ ಹತ್ತೊಂಬತ್ತನ್ನು ಕೋಷ್ಟಕದ ಮೂಲೆಗೆ ತಳ್ಳಿದರೆ ಸುದ್ದಿ ಸಿದ್ಧ.

ನೋವಿನ ಮಟ್ಟಿಗೆ, ಅದರಲ್ಲೂ ಆಪರೇಷನ್ ನಂತರದ ನೋವಿಗೆ, ಕಿವಿಯ ಅಕ್ಯುಪಂಕ್ಚರಿನಿಂದ ಒಂದಿಷ್ಟು ಉಪಯೋಗ ತೋರಿಸಿದ ಪ್ರಯೋಗಗಳಿವೆ. ಅವುಗಳ ಗುಣಮಟ್ಟ ಮಾತ್ರ ಒಂದೇ ಥರ ಇಲ್ಲ. ಸ್ನಾಯುವಿನ ಇಎಂಜಿಯ ಬಗ್ಗೆ ಇರುವ ಆಧಾರ ಅದಕ್ಕಿಂತ ತೆಳು. ಎರಡನ್ನೂ ಕಲಸಿಬಿಡುವುದು ಸುಲಭ. ನೋವಿದ್ದಾಗ ದೇಹ ಸ್ನಾಯುವನ್ನು ಬಿಗಿಯುತ್ತದೆ, ಇಲ್ಲವೇ ತಡೆಹಿಡಿಯುತ್ತದೆ. ನೋವು ಇಳಿದರೆ ಸ್ನಾಯು ತಾನಾಗಿ ಬದಲಾಗುತ್ತದೆ. ಒಂದು ಮಾತ್ರೆ ನುಂಗಿದರೂ ಹಾಗೇ ಆಗಬಹುದು. ಹಾಗಾಗಿ ನೋವಿಲ್ಲದ ಆರೋಗ್ಯವಂತರ ಮೇಲೆ ಮಾಡಿದ ಅಳತೆ ಒಂದು ಪ್ರಶ್ನೆಗೆ ಉತ್ತರ, ನೋವಿದ್ದವರ ಮೇಲೆ ಮಾಡಿದ್ದು ಇನ್ನೊಂದಕ್ಕೆ. ಅಂದ ಹಾಗೆ, ಅಪಾಯವೇ ಇಲ್ಲ ಅನ್ನುವುದೂ ಸರಿಯಲ್ಲ. ಕಿವಿಯ ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ. ದಿನಗಟ್ಟಲೆ ಬಿಡುವ ಪುಟ್ಟ ಸೂಜಿಗಳಿಂದ ಸೋಂಕು ತಗುಲಿದರೆ ಬೇಗ ವಾಸಿಯಾಗುವುದಿಲ್ಲ, ಕಿವಿಯ ಆಕಾರವೇ ಕೆಡಬಹುದು.

ನನ್ನನ್ನು ಕೇಳಿದರೆ, ದವಡೆ ಮತ್ತು ಹೆಗಲಿನ ಪ್ರಯೋಗಗಳು ಮಾಡಲು ಯೋಗ್ಯ. ಅಲ್ಲಿ ನರದ ದಾರಿ ಇದೆ. ಸೂಜಿಯ ಬದಲು ಮಂದ ಲೇಸರ್ ಬಳಸಿದರೆ ಹುಸಿ ಸೂಜಿಯ ಪೇಚೂ ಅರ್ಧ ಬಗೆಹರಿಯುತ್ತದೆ. ಅದು ಚರ್ಮಕ್ಕೆ ಗೊತ್ತೇ ಆಗುವುದಿಲ್ಲ, ಆನ್ ಆಗಿದೆಯೋ ಆಫ್ ಆಗಿದೆಯೋ ಹಿಡಿದವರಿಗೂ ತಿಳಿಯದಂತೆ ಮಾಡಬಹುದು. ಆದರೆ ಆಗ ಪ್ರಶ್ನೆಯೇ ಬದಲಾಗಿ, ಪರೀಕ್ಷೆ ಸೂಜಿಯದ್ದಲ್ಲ, ಬೆಳಕಿನದ್ದಾಗುತ್ತದೆ ಅನ್ನುವವರ ಮಾತೂ ಸುಳ್ಳಲ್ಲ.

ಸೂಜಿಯಲ್ಲೇ ಮಾಡಬೇಕೆಂದರೆ ಹೀಗೆ ಮಾಡಬಹುದು. ಹೆಗಲು ಬಿಗಿತ ಇರುವ ಒಬ್ಬಾಕೆ ಬರುತ್ತಾಳೆ. ಮುಚ್ಚಿದ ಲಕೋಟೆಯಲ್ಲಿರುವ ಚೀಟಿ ಅವಳಿಗೆ ಇವತ್ತು ಯಾವ ಬಿಂದು ಎಂದು ಹೇಳುತ್ತದೆ. ಅದನ್ನು ಒಡೆಯುವುದು ಸೂಜಿ ಹಾಕುವವರು ಮಾತ್ರ. ಎಲೆಕ್ಟ್ರೋಡ್ ಅಂಟಿಸುವವರು ಬೇರೆ. ಅವರು ಆಗ ಕೋಣೆಯಿಂದ ಹೊರಗೆ ಹೋಗಿರುತ್ತಾರೆ, ವಾಪಸ್ ಬರುವಷ್ಟರಲ್ಲಿ ಅವಳಿಗೆ ಎರಡೂ ಕಿವಿ ಮುಚ್ಚುವಂತೆ ಟೋಪಿ ಹಾಕಿರುತ್ತದೆ. ಅವಳ ಹೆಗಲಿಗೊಂದು, ದವಡೆಗೊಂದು ಜೋಡಿ ಎಲೆಕ್ಟ್ರೋಡ್. ಎರಡೂ ಕೈ ಪಕ್ಕಕ್ಕೆ ಎತ್ತಿ ಒಂದು ನಿಮಿಷ ಹಿಡಿಯಬೇಕು, ಎತ್ತರ ಎಷ್ಟೆಂದು ತೋರಿಸಲು ಒಂದು ದಾರ ಕಟ್ಟಿದೆ. ಸೂಜಿಗೆ ಮೊದಲು ಮೂರು ಸಲ, ನಂತರ ಮೂರು ಸಲ. ಮಧ್ಯೆ ಯಾರೂ "ಈಗ ಹಗುರ ಅನ್ನಿಸುತ್ತಾ?" ಅಂತ ಕೇಳುವುದಿಲ್ಲ. ಲೆಕ್ಕ ಹಾಕುವವರಿಗೆ ಹೋಗುವ ಫೈಲಿನಲ್ಲಿ ಹೆಸರಿಲ್ಲ, 'ಮೊದಲು', 'ನಂತರ' ಎಂಬ ಗುರುತೂ ಇಲ್ಲ, ಬರೀ ಸಂಖ್ಯೆ.

ಎಲ್ಲ ಮುಗಿದ ಮೇಲೆ ಅವಳಿಗೆ ಒಂದು ಪ್ರಶ್ನೆ: ಇವತ್ತು ನಿಮಗೆ ಹಾಕಿದ್ದು ಸರಿಯಾದ ಬಿಂದುವೋ, ಹುಸಿಯೋ? ಅವಳ ಊಹೆಯನ್ನೂ ಬರೆದಿಡುತ್ತಾರೆ. ಬಂದವರಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಜನ ಸರಿಯಾಗಿ ಊಹಿಸಿದರೆ ಆ ಪ್ರಯೋಗದ ಗುಟ್ಟು ಎಲ್ಲೋ ಸೋರಿದೆ. ಆಮೇಲೆ ಬಿಲ್ಲೆಗಳನ್ನು ನಿಧಾನಕ್ಕೆ ಕೀಳುತ್ತಾರೆ. ಹೆಗಲ ಮೇಲೆ ಎರಡು ಕೆಂಪು ಗುಂಡು ಗುರುತು ಉಳಿಯುತ್ತದೆ. ಅದರ ಸುತ್ತ ಅಳಿಸಿಹೋಗದ ಪೆನ್ನಿನಲ್ಲಿ ಗೆರೆ ಎಳೆದು, "ಸ್ನಾನ ಮಾಡುವಾಗ ಜಾಸ್ತಿ ಉಜ್ಜಬೇಡಿ, ಮುಂದಿನ ವಾರ ಇದೇ ಜಾಗ ಬೇಕು" ಎಂದು ಹೇಳಿ ಕಳಿಸುತ್ತಾರೆ.